ಚಿತ್ರ ತೆಗೆದವರ ಹೆಸರೆಲ್ಲಿ?

ಹೋದ ವರ್ಷ ದೀಪಾವಳಿ ಹೊತ್ತಿಗೆ ದಾಂಡೇಲಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಪತ್ರಿಕೆಯೊಂದರ ಪುಟವನ್ನು ವಾಟ್ಸಾಪಿನಲ್ಲಿ ಕಳಿಸಿದ. ಅವನು ತೆಗೆದ ಮಂಗಟ್ಟೆ ಹಕ್ಕಿಯ ಫೋಟೊ ಅಚ್ಚಾಗಿತ್ತು. ಆ ಫೋಟೊವನ್ನು ನಾನು ಮೊದಲೇ ನೋಡಿದ್ದೆ. ಹಕ್ಕಿ ಆಲದ ಹಣ್ಣನ್ನು ಕೊಕ್ಕಿನ ತುದಿಯಿಂದ ಮೇಲಕ್ಕೆ ಚಿಮ್ಮಿಸಿದೆ. ಕೊಕ್ಕು ಅಗಲವಾಗಿ ತೆರೆದಿದೆ. ಹಣ್ಣು ಇನ್ನೂ ಗಾಳಿಯಲ್ಲಿದೆ. ಮಂಗಟ್ಟೆ ತಿನ್ನುವುದೇ ಹಾಗೆ, ಹಣ್ಣನ್ನು ಎಸೆದು ಗಂಟಲಿಗೆ ಹಿಡಿಯುತ್ತದೆ. ಅದೊಂದು ಗಳಿಗೆಗಾಗಿ ಅವನು ಎಷ್ಟೋ ದಿನ ಬೆಳಗಿನ ಜಾವ ಎದ್ದು ಹೋಗಿ ಆ ಮರದ ಹತ್ತಿರ ಕಾದಿದ್ದ. ಪತ್ರಿಕೆಯಲ್ಲಿ ಹಕ್ಕಿ ಇತ್ತು, ಹಣ್ಣು ಇರಲಿಲ್ಲ. ಎರಡು ಕಾಲಮ್ಮಿಗೆ ಕೂರಿಸಲು ಮೇಲ್ಭಾಗವನ್ನು ಕತ್ತರಿಸಿಬಿಟ್ಟಿದ್ದರು. ಲೇಖನದ ತಲೆಬರಹ ಹಕ್ಕಿಯ ರೆಕ್ಕೆಯ ಮೇಲೆ ಬಂದು ಕೂತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಚಿತ್ರ: ಸಂಗ್ರಹ’.

“ನಿನ್ನ ಹೆಸರೇ ಹಾಕಿಲ್ವಲ್ಲೋ” ಅಂದೆ.

“ಬಂತಲ್ಲ ಭಾವ, ಅದೇ ದೊಡ್ಡದು” ಅಂದ.

ಅವನಿಗೆ ಬೇಜಾರಿರಲಿಲ್ಲ. ಬೇಜಾರಿಲ್ಲ ಅನ್ನುವುದೇ ನನಗೆ ಜಾಸ್ತಿ ಚುಚ್ಚಿತು.

ನಾನಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಇಲ್ಲಿನ ಲೈಬ್ರರಿಗಳಲ್ಲಿ ಆಗಾಗ ಹಳೆ ಪುಸ್ತಕ ಮಾರುತ್ತಾರೆ. ಅಲ್ಲಿಗೆ ಹೋದರೆ ನಾನು ಮೊದಲು ಹುಡುಕುವುದು ಹಳದಿ ಅಂಚಿನ ರಾಶಿಯನ್ನು. ಮುಖಪುಟಕ್ಕೆ ಹಳದಿ ಅಂಚಿರುವ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ. ಅಲ್ಲಿ ಸಿಗುತ್ತಿದ್ದ ಹಳೆ ಸಂಚಿಕೆಗಳಲ್ಲಿ ಅರ್ಧ ಪುಟಗಳೇ ಇರುತ್ತಿರಲಿಲ್ಲ. ಇಲ್ಲಿ ಪೂರ್ತಿ ಸಂಚಿಕೆ ಒಂದು ಕಾಫಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ.

ದಾಂಡೇಲಿಯ ಆ ಪುಟ ಬಂದ ಮೇಲೆ, ಅಂಥದ್ದೇ ಒಂದು ರಾಶಿಯ ಮುಂದೆ ವಯಸ್ಸಾದವರೊಬ್ಬರು ಸಿಕ್ಕಿದರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಂದೊಂದೇ ಸಂಚಿಕೆ ತೆಗೆದು ನೋಡುತ್ತಿದ್ದರು. ಏನು ಹುಡುಕುತ್ತಿದ್ದೀರಿ ಅಂತ ಕೇಳಿದೆ. ಯಾವ ತಿಂಗಳು, ಯಾವ ವಿಷಯ ಅಂತ ಅವರು ಹೇಳಲಿಲ್ಲ. “ನಿಕೋಲ್ಸ್ ತೆಗೆದ ಮರ” ಅಂದರು. ಅಷ್ಟೇ. ನಮ್ಮ ಕಡೆ ವಾರಪತ್ರಿಕೆ ಓದುವವರು ಕಾದಂಬರಿಕಾರರ ಹೆಸರು ಹೇಳಿ ಹಳೆ ಸಂಚಿಕೆ ಹುಡುಕುತ್ತಾರಲ್ಲ, ಹಾಗೆ ಇವರು ಫೋಟೊ ತೆಗೆದವನ ಹೆಸರು ಹಿಡಿದು ಬಂದಿದ್ದರು.

ಆ ಮರದ ವಿಷಯ ಹೇಳಲೇಬೇಕು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರ. ಎತ್ತರ 300 ಅಡಿ, ವಯಸ್ಸು ಸಾವಿರದೈನೂರು ವರ್ಷ. ಕಾಡಿನೊಳಗೆ ನಿಂತರೆ ಅಂಥ ಮರವನ್ನು ಬುಡದಿಂದ ತುದಿವರೆಗೆ ಒಂದೇ ನೋಟಕ್ಕೆ ಕಾಣುವ ಜಾಗವೇ ಇಲ್ಲ. ಮೈಕೆಲ್ ನಿಕೋಲ್ಸ್ ಮತ್ತು ಅವರ ಜೊತೆಯವರು ಕ್ಯಾಮೆರಾಗಳನ್ನು ಹಗ್ಗಕ್ಕೆ ಕಟ್ಟಿ, ಮರಕ್ಕೆ ಎದುರಾಗಿ ಮೇಲಿಂದ ಕೆಳಕ್ಕೆ ಇಳಿಸುತ್ತಾ ಚಿತ್ರ ತೆಗೆದರು. ಹಾಗೆ ಬಂದ 84 ಚಿತ್ರಗಳನ್ನು ಹೊಂದಿಸಿ ಒಂದೇ ಮರ ಮಾಡಿದರು. 2009ರ ಅಕ್ಟೋಬರ್ ಸಂಚಿಕೆಯಲ್ಲಿ ಅದನ್ನು ಮಡಚಿದ ಪುಟವಾಗಿ ಕೊಟ್ಟರು. ಬಿಡಿಸಿ, ತಿರುಗಿಸಿ, ಉದ್ದಕ್ಕೆ ಹಿಡಿದು ನೋಡಬೇಕು. ಮೊದಲು ಬರೀ ಮರ ಕಾಣುತ್ತದೆ. ಆಮೇಲೆ ಕೊಂಬೆಗಳ ನಡುವೆ ಬಣ್ಣದ ಬಟ್ಟೆಯ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಮರ ಹತ್ತಿದ ಮನುಷ್ಯರು! ಆಗ ಮರ ಎಷ್ಟು ದೊಡ್ಡದು ಅನ್ನುವುದು ಹೊಟ್ಟೆಯೊಳಗೆ ಇಳಿಯುತ್ತದೆ. 300 ಅಡಿ ಅಂತ ಎಷ್ಟು ಸಲ ಓದಿದರೂ ಹಾಗಾಗುವುದಿಲ್ಲ.

ಈ ಪತ್ರಿಕೆ ನನಗೆ ಇಷ್ಟವಾಗುವುದು ಇದಕ್ಕೇ. ಚಿತ್ರಕ್ಕೆ ಬೇಕಾದಷ್ಟು ಕಾಗದ ಕೊಡುತ್ತಾರೆ. ತೆಗೆದವರ ಹೆಸರನ್ನು ಬರೆದವರ ಹೆಸರಿನ ಪಕ್ಕದಲ್ಲೇ ಹಾಕುತ್ತಾರೆ. ಹೇಗೆ ತೆಗೆದರು, ಎಲ್ಲಿ ಕಾದರು ಅಂತ ಹೇಳುತ್ತಾರೆ. ಲಡಾಖ್‌ನ ಹೆಮಿಸ್‌ನಲ್ಲಿ ಸ್ಟೀವ್ ವಿಂಟರ್ ತೆಗೆದ ಹಿಮಚಿರತೆಯ ಚಿತ್ರಗಳು 2008ರಲ್ಲಿ ಬಂದವು. ಪ್ರಾಣಿ ಓಡಾಡುವ ದಾರಿಯಲ್ಲಿ ಕ್ಯಾಮೆರಾ ಇಟ್ಟು, ತಿಂಗಳುಗಟ್ಟಲೆ ಚಳಿಯಲ್ಲಿ ಕಾದು ತೆಗೆದದ್ದು. ಅದು ಗೊತ್ತಾದ ಮೇಲೆ ಹಿಮ ಸುರಿಯುವಾಗ ಆ ಚಿರತೆ ನಮ್ಮ ಕಡೆ ನೋಡುವ ಚಿತ್ರವನ್ನು ಬೇಗ ಮಗುಚಲು ಮನಸ್ಸು ಬರುವುದಿಲ್ಲ. 2022ರ ವರ್ಷದ ಚಿತ್ರಗಳ ಆಯ್ಕೆಯಲ್ಲಿ, ತಮ್ಮ ಛಾಯಾಗ್ರಾಹಕರು ತೆಗೆದ 20 ಲಕ್ಷಕ್ಕೂ ಹೆಚ್ಚು ಚಿತ್ರಗಳಿಂದ 118 ಆರಿಸಿದರಂತೆ. ಉಳಿದದ್ದನ್ನೆಲ್ಲ ಬದಿಗಿಡುವುದಕ್ಕೂ ಕಣ್ಣು ಬೇಕು, ಧೈರ್ಯ ಬೇಕು.

ಈ ಧೈರ್ಯ ಅವರಿಗೂ ಒಂದೇ ದಿನದಲ್ಲಿ ಬಂದಿದ್ದಲ್ಲ. ಪತ್ರಿಕೆ ಶುರುವಾಗಿದ್ದು 1888ರಲ್ಲಿ, ಪಂಡಿತರ ಲೇಖನಗಳ ಒಣ ಸಂಚಿಕೆಯಾಗಿ. 1905ರ ಜನವರಿ ಸಂಚಿಕೆಗೆ ಹನ್ನೊಂದು ಪುಟಕ್ಕೆ ಸರಕಿರಲಿಲ್ಲ. ಸಂಪಾದಕ ಗಿಲ್ಬರ್ಟ್ ಗ್ರೋವೆನರ್ ಆ ಪುಟಗಳಿಗೆ ಟಿಬೆಟ್‌ನ ಲಾಸಾ ಪಟ್ಟಣದ ಫೋಟೊಗಳನ್ನು ತುಂಬಿಸಿಬಿಟ್ಟರು. ಕೆಲಸ ಹೋಗುತ್ತದೆ ಅಂತ ಹೆದರಿದ್ದರಂತೆ. ಆದರೆ ಜನ ದಾರಿಯಲ್ಲಿ ನಿಲ್ಲಿಸಿ ಹೊಗಳಿದರು. ಮರುವರ್ಷ ಜುಲೈನಲ್ಲಿ ಜಾರ್ಜ್ ಶೈರಸ್ ಎಂಬುವರು ರಾತ್ರಿ ಹೊತ್ತು ತೆಗೆದ ಕಾಡುಪ್ರಾಣಿಗಳ 74 ಚಿತ್ರಗಳನ್ನು ಒಟ್ಟಿಗೆ ಅಚ್ಚು ಹಾಕಿದರು. ಆಡಳಿತ ಮಂಡಳಿಯ ಇಬ್ಬರು, ಇದು ಚಿತ್ರಪುಸ್ತಕವಾಗುತ್ತಿದೆ ಅಂತ ಸಿಟ್ಟು ಮಾಡಿಕೊಂಡು ರಾಜೀನಾಮೆ ಕೊಟ್ಟು ಹೋದರು. ಸಂಪಾದಕರು ಜಗ್ಗಲಿಲ್ಲ.

ಶೈರಸ್ ಈ ಪಿಟ್ಸ್‌ಬರ್ಗ್ ಕಡೆಯವರು. “ನಮ್ಮೂರಿನವನು” ಅಂತ ಲೈಬ್ರರಿಯ ಆ ಹಿರಿಯರು ಹೆಮ್ಮೆಯಿಂದ ಹೇಳಿದರು. ಶೈರಸ್ ಕತ್ತಲಲ್ಲಿ ದೋಣಿಯಲ್ಲಿ ಕೂತು, ಮದ್ದಿನ ಪುಡಿ ಸಿಡಿಸಿ ಬೆಳಕು ಮಾಡಿ ಜಿಂಕೆಗಳ ಚಿತ್ರ ತೆಗೆದವರು. ಪ್ರಾಣಿಯೇ ತಂತಿ ಎಳೆದು ತನ್ನ ಫೋಟೊ ತೆಗೆದುಕೊಳ್ಳುವ ಉಪಾಯವನ್ನೂ ಅವರು ಮಾಡಿದ್ದರು. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎಣಿಸಲು ಕಾಡುದಾರಿಗಳಲ್ಲಿ ಕ್ಯಾಮೆರಾ ಕಟ್ಟಿದ್ದರ ಹಿಂದಿನ ಯೋಚನೆಯೂ ಅದೇ. ಲೈಬ್ರರಿಯ ಹಿರಿಯರಿಗೆ ಇದನ್ನು ಹೇಳಿದೆ. ಬಹಳ ಖುಷಿಪಟ್ಟರು, ನಾಗರಹೊಳೆಯ ಹೆಸರನ್ನು ಬರೆಸಿಕೊಂಡರು. ಸತ್ತು ಎಷ್ಟೋ ಕಾಲವಾದ ಒಬ್ಬ ಛಾಯಾಗ್ರಾಹಕನನ್ನು ಊರಿನ ಮನುಷ್ಯ ಅಂತ ಹೇಳಿಕೊಳ್ಳುವವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ನಮಗೇನು ಕಡಿಮೆ ಇತ್ತು? ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳು ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಬಂದವು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಹೊತ್ತಿಗೆ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಕಂಡವು. ಸಂಡೂರಿನ ಎಂ.ವೈ. ಘೋರ್ಪಡೆ ಮಂತ್ರಿಯಾಗಿದ್ದವರು, ಕಾಡಿನ ಬೆಳಕನ್ನು ಕಪ್ಪು ಬಿಳುಪಿನಲ್ಲಿ ಹಿಡಿದವರು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಇದ್ದರು. ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ, ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ಕೃಪಾಕರ–ಸೇನಾನಿ. ಇವರಲ್ಲಿ ತೇಜಸ್ವಿ ಎಲ್ಲರಿಗೂ ಗೊತ್ತು, ಅದು ಅವರ ಕತೆಗಳಿಂದ. ಉಳಿದವರ ಒಂದಾದರೂ ಚಿತ್ರ ನೆನಪಿದೆಯಾ ಅಂತ ಊರಿಗೆ ಹೋದಾಗ ಕೇಳಿನೋಡಿ. ಚೆನ್ನಾಗಿ ಓದಿಕೊಂಡವರೂ ಸುಮ್ನೆ ಮುಖ ನೋಡುತ್ತಾರೆ.

ಓದುಗರಿಗೆ ಕಣ್ಣಿಲ್ಲ ಅಂತ ನಾನು ಒಪ್ಪುವುದಿಲ್ಲ. ಅವರಿಗೆ ತೋರಿಸಬೇಕಾದವರು ತೋರಿಸಲಿಲ್ಲ. ನಮ್ಮ ಎಷ್ಟೋ ಪತ್ರಿಕೆಗಳಲ್ಲಿ ಚಿತ್ರ ಅಂದರೆ ಲೇಖನ ಮುಗಿದ ಮೇಲೆ ಉಳಿದ ಜಾಗಕ್ಕೆ ಬರುವ ವಸ್ತು. ಪದ್ಯ ಬರೆದವರ ಹೆಸರು ಬಿಟ್ಟುಹೋದರೆ ಮುಂದಿನ ವಾರ ವಿಷಾದ ಸೂಚಿಸುತ್ತಾರೆ. ಚಿತ್ರದ ಕೆಳಗೆ ‘ಅಂತರ್ಜಾಲ’ ಅಂತ ಹಾಕಿ ಮುಗಿಸುತ್ತಾರೆ. ಅಂತರ್ಜಾಲ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಕಾಡಿಗೆ ಹೋಗುತ್ತದೆಯೇ? ಯಾರೋ ಒಬ್ಬರು ಜಿಗಣೆ ಕಚ್ಚಿಸಿಕೊಂಡು ಮಳೆಯಲ್ಲಿ ಕೂತಿದ್ದರು, ಅಲ್ವಾ?

ದುಡ್ಡಿನ ಮಾತು ಬರುತ್ತದೆ, ಗೊತ್ತು. ಅಮೆರಿಕದ ಪತ್ರಿಕೆಗೆ ಪ್ರಪಂಚದ ತುಂಬ ಚಂದಾದಾರರಿದ್ದರು, ಒಂದು ಚಿತ್ರಕ್ಕೆ ತಿಂಗಳುಗಟ್ಟಲೆ ಖರ್ಚು ಹಾಕಬಹುದಿತ್ತು. ನಮ್ಮ ವಾರಪತ್ರಿಕೆ ಹಳ್ಳಿಯ ಹುಡುಗನ ಕೈಗೂ ಸಿಗುವ ಬೆಲೆಯಲ್ಲಿ ಬರಬೇಕಿತ್ತು. ಕಾಗದ ಒರಟು, ಬಣ್ಣ ಕೆಲವು ಪುಟಕ್ಕೆ ಮಾತ್ರ. ಆ ಬೆಲೆಗೆ ಅವು ಕೊಟ್ಟ ಕತೆ, ಧಾರಾವಾಹಿ, ಪದಬಂಧಕ್ಕೆ ನಾನು ಇವತ್ತಿಗೂ ಋಣಿ. ಮಡಚಿದ ಪುಟ, ನುಣುಪು ಕಾಗದ ಬೇಕು ಅಂತ ನಾನು ಕೇಳುತ್ತಿಲ್ಲ. ಆದರೆ ಹೆಸರು ಹಾಕಲು ಎಷ್ಟು ದುಡ್ಡು ಬೇಕು? ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆದದ್ದು ಅಂತ ಎರಡು ಸಾಲು ಬರೆಯಲು? ಕತ್ತರಿಸುವ ಮುಂಚೆ ತೆಗೆದವರಿಗೆ ಒಂದು ಫೋನ್ ಮಾಡಲು?

ಹಳದಿ ಅಂಚಿನವರೂ ಎಲ್ಲದರಲ್ಲೂ ಸಾಚಾ ಅಲ್ಲ, ಅದನ್ನೂ ಹೇಳಬೇಕು. 1982ರ ಫೆಬ್ರವರಿಯಲ್ಲಿ, ಅಡ್ಡಕ್ಕೆ ತೆಗೆದ ಪಿರಮಿಡ್ಡುಗಳ ಚಿತ್ರವನ್ನು ಉದ್ದನೆಯ ಮುಖಪುಟಕ್ಕೆ ಕೂರಿಸಲು ಕಂಪ್ಯೂಟರಿನಲ್ಲಿ ಎರಡು ಪಿರಮಿಡ್ಡುಗಳನ್ನೇ ಹತ್ತಿರಕ್ಕೆ ಸರಿಸಿದರು. ಅವರಿಗೂ ಪುಟದ ಅಳತೆ ದೊಡ್ಡದಾಗಿ ಕಂಡಿತ್ತು. ಆಮೇಲೆ ವರ್ಷಗಟ್ಟಲೆ ಬೈಸಿಕೊಂಡರು. ಇನ್ನೊಂದು ಇದಕ್ಕಿಂತ ದೊಡ್ಡ ತಪ್ಪು. ಬಿಳಿಯರಲ್ಲದ ಜನರನ್ನು ದಶಕಗಟ್ಟಲೆ ವಿಚಿತ್ರ ವಸ್ತುಗಳ ಹಾಗೆ ತೋರಿಸಿದ್ದೇವೆ, ಅದು ಜನಾಂಗಭೇದವೇ ಆಗಿತ್ತು ಅಂತ 2018ರ ಏಪ್ರಿಲ್ ಸಂಚಿಕೆಯಲ್ಲಿ ಅದರ ಸಂಪಾದಕಿಯೇ ಬರೆದರು. ನನಗೆ ಅಷ್ಟು ಇಷ್ಟವಾಗುತ್ತಿದ್ದ ಹಳೆ ಸಂಚಿಕೆಗಳನ್ನು ಅದನ್ನು ಓದಿದ ಮೇಲೆ ಮತ್ತೆ ತೆಗೆದು ನೋಡಿದೆ. ಬೆಳಕು, ಬಣ್ಣ ಎಲ್ಲ ಚಂದ. ಆದರೆ ಎಷ್ಟೋ ಚಿತ್ರಗಳಲ್ಲಿ ತೆಗೆದವರಿಗೆ ಹೆಸರಿದೆ, ಚಿತ್ರದಲ್ಲಿರುವ ಮನುಷ್ಯರಿಗೆ ಇಲ್ಲ. ಈ ವಿಷಯದಲ್ಲಿ ನಮ್ಮ ಸತ್ಯನ್ ತೆಗೆದ ಮಕ್ಕಳ ಚಿತ್ರಗಳೇ ನನಗೆ ಹೆಚ್ಚು. ಅವರು ಆ ಮಕ್ಕಳ ಎತ್ತರಕ್ಕೆ ಬಗ್ಗಿ ನೋಡಿದವರು.

ಈಗ ಆ ಪತ್ರಿಕೆಯ ಸ್ಥಿತಿಯೂ ಮೊದಲಿನ ಹಾಗಿಲ್ಲ. 2023ರಲ್ಲಿ ಸಂಬಳದ ಮೇಲಿದ್ದ ಕೊನೆಯ ಬರಹಗಾರರನ್ನೂ ಕೆಲಸದಿಂದ ತೆಗೆದರು. ಆ ವರ್ಷ ಕಳೆದ ಮೇಲೆ ಅಮೆರಿಕದ ಅಂಗಡಿಗಳಲ್ಲಿ ತಿಂಗಳ ಸಂಚಿಕೆ ಮಾರುವುದನ್ನೂ ನಿಲ್ಲಿಸಿದರು. ಚಂದಾ ಕಟ್ಟಿದವರ ಮನೆಗೆ ಮಾತ್ರ ಬರುತ್ತದೆ. ದಾರಿಯಲ್ಲಿ ಹೋಗುವ ಹುಡುಗ ಮುಖಪುಟ ನೋಡಿ ನಿಂತುಬಿಡುವುದು ಇಲ್ಲಿ ಇನ್ನಿಲ್ಲ. ಊರಿನಲ್ಲಿ ಹಾಗಲ್ಲ. ಶಿವಮೊಗ್ಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹೋದ ಸಲವೂ ಕನ್ನಡ ವಾರಪತ್ರಿಕೆಗಳು ಕ್ಲಿಪ್ಪಿಗೆ ಸಾಲಾಗಿ ನೇತಾಡುತ್ತಿದ್ದವು, ಬಸ್ಸಿಗೆ ಕಾಯುವವರು ಕೊಂಡು ಓದುತ್ತಿದ್ದರು. ಆ ಮಟ್ಟಿಗೆ ನಮ್ಮ ಊರೇ ವಾಸಿ, ಒಪ್ಪುತ್ತೇನೆ. ಆ ಪುಟಗಳು ಇನ್ನೂ ಅಚ್ಚಾಗುತ್ತಿರುವಾಗಲೇ ಚಿತ್ರದ ಕೆಳಗೆ ತೆಗೆದವರ ಹೆಸರು ಬರಲಿ.