ನಾಯಿ ಬೊಗಳಿದರೂ ರಜೆ

ಬೆಳಗ್ಗೆ ಏಳೂವರೆಗೆ ಕಸದ ಗಾಡಿ ಹಾಡಿಕೊಂಡು ಬಂತೆಂದರೆ ಅವತ್ತಿನ ಪಾಠ ಕೆಟ್ಟಿತು ಎಂದೇ ಲೆಕ್ಕ. ಹುಡುಗನನ್ನು ಸ್ಕೂಲು ಬಿಡಿಸಿ ಮನೆಯಲ್ಲೇ ವೇದ ಕಲಿಸುವವರ ಗೋಳು ಇದು. ಗಾಡಿಯ ಜೊತೆ ವಾಸನೆ, ವಾಸನೆಯ ಹಿಂದೆ ನಾಯಿಗಳು, ನಾಯಿಗಳ ಹಿಂದೆ ಬೊಗಳು. ವಾಸನೆಗೂ ಬೊಗಳಿಗೂ ಶಾಸ್ತ್ರದಲ್ಲಿ ರಜೆ ಇದೆಯೆಂದು ಹುಡುಗನಿಗೆ ಹೇಳಿಕೊಟ್ಟ ಪುಣ್ಯಾತ್ಮರು ಯಾರೋ, ಸಿಕ್ಕರೆ ಎರಡು ಮಾತಾಡುವುದಿದೆ.

ಟೀಸಿ ತರುವಾಗ ಇದ್ದ ಆಸೆ ದೊಡ್ಡದೇನಲ್ಲ. ಗಂಟೆ ಇಲ್ಲ, ವ್ಯಾನ್ ಇಲ್ಲ, ಶೂ ಪಾಲಿಶ್ ಇಲ್ಲ, ಮನೆಯೇ ಗುರುಕುಲ. ಗುರುಕುಲಕ್ಕೂ ರಜೆಯ ಪಟ್ಟಿ ಇರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಪಾಡ್ಯ, ಅಷ್ಟಮಿ, ಚತುರ್ದಶಿ ತಿಂಗಳಿಗೆ ಎರಡೆರಡು, ಹುಣ್ಣಿಮೆ ಒಂದು, ಅಮಾವಾಸ್ಯೆ ಒಂದು: ಒಟ್ಟು 8 ಅನಧ್ಯಯನ, ಅಂದರೆ ವೇದ ಓದಬಾರದ ದಿನ. ಸ್ಕೂಲಿಗೆ ಹೋಗುವ ತಂಗಿಗೆ ಭಾನುವಾರ ಬಿಡುವು, ಇವನಿಗೆ ಅಷ್ಟಮಿ. ಅಷ್ಟಮಿಯೇ ಭಾನುವಾರ ಬಿದ್ದರೆ ಇವನ ಮುಖ ಸಪ್ಪೆ, ತಂಗಿಗೂ ರಜೆಯಿದ್ದ ಮೇಲೆ ತನ್ನದು ದಂಡವಾಯಿತಲ್ಲ ಅಂತ! ಒಂಟಿಕೊಪ್ಪಲ್ ಪಂಚಾಂಗಕ್ಕೂ ಮಠದ ಪಂಚಾಂಗಕ್ಕೂ ತಿಥಿಯಲ್ಲಿ ವ್ಯತ್ಯಾಸ ಬಂದರೆ ಅವನು ಯಾರ ಮನಸ್ಸನ್ನೂ ನೋಯಿಸುವುದಿಲ್ಲ, ಎರಡೂ ದಿನ ಪುಸ್ತಕ ಮುಟ್ಟುವುದಿಲ್ಲ. ಗದರಿಸಿದರೆ ಸುಂದರಕಾಂಡವನ್ನೇ ಎದುರಿಗಿಡುತ್ತಾನೆ: ಪಾಡ್ಯದ ದಿನ ಓದುವವನ ವಿದ್ಯೆಯ ಹಾಗೆ ಸೀತೆ ಸೊರಗಿದ್ದಾಳೆ ಎಂದು ಹನುಮಂತನೇ ವರದಿ ಕೊಟ್ಟಿದ್ದಾನಲ್ಲ. ಹನುಮಂತನಿಗೆ ಎದುರು ಮಾತಾಡುವವರು ಯಾರು?

ಇಷ್ಟಾದರೆ ಸಹಿಸಬಹುದಿತ್ತು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ತಾತ್ಕಾಲಿಕ ಅನಧ್ಯಯನಗಳು ಬೇರೆ ಇವೆ, ಎಣಿಸಿ 37. ನಾಯಿ, ನರಿ, ಕತ್ತೆ, ಗೂಬೆ ಕೂಗಿದರೆ ಪಾಠ ನಿಲ್ಲಬೇಕು. ಮಿಂಚಿದರೆ, ಗುಡುಗಿದರೆ, ಧೂಳೆದ್ದರೆ, ದುರ್ವಾಸನೆ ಬಂದರೆ ನಿಲ್ಲಬೇಕು. ಉಂಡ ಕೈ ಒದ್ದೆಯಿದ್ದರೆ, ಓಡುತ್ತಿದ್ದರೆ, ಮರ ಹತ್ತಿದ್ದರೆ, ಒಂಟೆ ಏರಿದ್ದರೆ, ಮನೆಗೆ ಶಿಷ್ಟರು ಬಂದರೆ ಕೂಡ. ವೇದದ ಶಿವಸ್ತುತಿಯಾದ ರುದ್ರದ ಹನ್ನೊಂದು ಅನುವಾಕಗಳಲ್ಲಿ, ಅಂದರೆ ಭಾಗಗಳಲ್ಲಿ, ಎರಡನ್ನು ದಾಟದ ಹುಡುಗನಿಗೆ ಈ ಮೂವತ್ತೇಳೂ ಬಾಯಿಪಾಠ. ಊಟವಾಗಿ ಮುಕ್ಕಾಲು ಗಂಟೆಯಾದರೂ ಕೈ ಒಣಗಿರುವುದಿಲ್ಲ; ಫ್ಯಾನ್ ಹಾಕೋಣವೆಂದರೆ ಧೂಳೇಳುತ್ತದೆ. ಕೊರಿಯರಿನವನು ಬೆಲ್ ಒತ್ತಿದರೆ ಶಿಷ್ಟಾಗಮನ. ಇದ್ದಕ್ಕಿದ್ದಂತೆ ಪೇರಲೆ ಮರದಲ್ಲಿ ಕಾಣಿಸಿಕೊಳ್ಳುವುದೂ ಶಾಸ್ತ್ರೋಕ್ತವೇ. ಪುಣ್ಯಕ್ಕೆ ನಮ್ಮ ಬಡಾವಣೆಗಳಲ್ಲಿ ಒಂಟೆ ಇಲ್ಲ. ತಾತ್ಕಾಲಿಕ ಎಂದರೆ ನಾಯಿ ಸುಮ್ಮನಾದ ಮೇಲೆ ಮತ್ತೆ ಕೂರಬೇಕು ಎಂದರ್ಥ. ಆ ಒಂದು ಪದ ಮಾತ್ರ ಅವನ ಕಿವಿಗೆ ಬೀಳುವುದಿಲ್ಲ.

ಇದೆಲ್ಲ ದಾಟಿ ಕೂತರೆ ಆನ್‌ಲೈನ್ ಸಂಥೆ. ಗುರುಗಳು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು. ಪುಸ್ತಕದಲ್ಲಿ ದನಿಯ ಏರಿಳಿತಕ್ಕೂ ಗುರುತಿದೆ: ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ಸ್ವರಿತಕ್ಕೆ ಮೇಲೆ ನೆಟ್ಟಗೆರೆ, ಉದಾತ್ತಕ್ಕೆ ಏನೂ ಇಲ್ಲ. ಆದರೆ ವಿಡಿಯೊ ಕಾಲ್‌ನ ಆ್ಯಪಿಗೆ ವೇದವೂ ಒಂದೇ, ಮಿಕ್ಸಿಯೂ ಒಂದೇ. ಒಂದೇ ಶ್ರುತಿಯಲ್ಲಿ ಎಳೆದ ದನಿಯನ್ನು ಹಿನ್ನೆಲೆಯ ಗದ್ದಲವೆಂದು ತಿಳಿದು ಅಳಿಸಿಬಿಡುತ್ತದೆ. ದೀರ್ಘ ಸ್ವರಿತದ ಬಾಲವೇ ಮಾಯ. ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಬೇಕು, ಬ್ಲೂಟೂತ್ ಬಿಟ್ಟು ವೈರ್ ಇರುವ ಇಯರ್‌ಫೋನ್ ಹಾಕಬೇಕು, ಗುರುಗಳು ಪೂರ್ತಿ ನಿಲ್ಲಿಸುವವರೆಗೆ ಬಾಯಿ ತೆರೆಯಬಾರದು. ಇಬ್ಬರೂ ಒಟ್ಟಿಗೆ ದನಿ ಎತ್ತಿದರೆ ಆ್ಯಪು ಒಬ್ಬರ ಬಾಯಿ ಮುಚ್ಚಿಸುತ್ತದೆ, ಹೆಚ್ಚಾಗಿ ಗುರುಗಳದ್ದನ್ನೇ. ಇಂದ್ರನನ್ನು ಕೊಲ್ಲುವ ಮಗ ಹುಟ್ಟಲೆಂದು ಹೋಮ ಮಾಡಿದ ತ್ವಷ್ಟೃ 'ಇಂದ್ರಶತ್ರು' ಎನ್ನುವಾಗ ಒಂದು ಸ್ವರ ತಪ್ಪಿದ್ದಕ್ಕೆ, ಇಂದ್ರನನ್ನು ಕೊಲ್ಲಬೇಕಾದವನೇ ಇಂದ್ರನ ಕೈಯಲ್ಲಿ ಸತ್ತ. ತ್ವಷ್ಟೃವಿಗೆ ನೆಟ್‌ವರ್ಕ್ ತೊಂದರೆಯೂ ಇರಲಿಲ್ಲ.

ಸರ್ಕಾರದ ಸಂಗತಿ ಬೇರೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ ವೇದಪಾಠಶಾಲೆ, ಮದರಸಾಗಳು ಅದರ ಹೊರಗುಳಿದವು. ಮನೆಯ ಹಾಲ್‌ನಲ್ಲಿ ನಡೆಯುವ ಪಾಠದ ಸುದ್ದಿ ಅದರಲ್ಲಿಲ್ಲ. ಹಾಗಾಗಿ 14 ತುಂಬಿದ ಮೇಲೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್ಐಒಎಸ್‌ನಲ್ಲಿ ಹತ್ತನೆಯ ತರಗತಿ ಕಟ್ಟಿಸುವುದು ಎಲ್ಲರೂ ಹಿಡಿಯುವ ದಾರಿ. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ವೇದಾಧ್ಯಯನವನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಟಿಎಂಎ ಎಂಬ ಅಸೈನ್‌ಮೆಂಟಿಗೆ ನೂರಕ್ಕೆ 20 ಅಂಕ. ಬರೆಯಬೇಕಾದವನು ಹುಡುಗ, ಕೊನೇ ದಿನ ರಾತ್ರಿ ಹನ್ನೊಂದಕ್ಕೆ ಅಪ್‌ಲೋಡ್ ಆಗದೆ ಅಳುವವಳು ಅಮ್ಮ. ಪರೀಕ್ಷೆ ಅಷ್ಟಮಿಯ ದಿನವೇ ಬಿದ್ದರೆ ಯಾಜ್ಞವಲ್ಕ್ಯರ ಹೆಸರು ಹೇಳಿ ನೋಡಿ, ಮರುಪರೀಕ್ಷೆಯ ಶುಲ್ಕ ಎಷ್ಟೆಂದು ಹೇಳುತ್ತಾರೆ.

ಈ ಗುರುಕುಲಕ್ಕೆ ಹೆಡ್‌ಮಿಸ್, ಗುಮಾಸ್ತೆ, ಗಂಟೆ ಹೊಡೆಯುವ ಪ್ಯೂನ್ ಎಲ್ಲವೂ ಆ ಅಮ್ಮನೇ. ಶಿಷ್ಯೆ ಮಾತ್ರ ಅಲ್ಲ. ಅವಳಿಗೆ ಯಾರೂ ಸಂಥೆ ಹೇಳಿದವರಿಲ್ಲ. ಆದರೆ ದಿನವೂ ಒಲೆಯ ಮುಂದೆ ನಿಂತು ಕೇಳಿದ್ದು ಎಲ್ಲಿಗೆ ಹೋದೀತು? ಹಾಲ್‌ನಲ್ಲಿ ಹುಡುಗ ಅನುವಾಕದ ನಡುವೆ ತಡವರಿಸಿ ನಿಲ್ಲುತ್ತಾನೆ, ಲ್ಯಾಪ್‌ಟಾಪಿನಲ್ಲಿ ಗುರುಗಳೂ ಕಾಯುತ್ತಾರೆ. ಮುಂದಿನ ಪದ ಅಡುಗೆಮನೆಯಲ್ಲಿ ತುಟಿಯವರೆಗೆ ಬಂದು, ಸ್ವರ ಸಮೇತ, ಅಲ್ಲೇ ನಿಲ್ಲುತ್ತದೆ. ಕೈಯಲ್ಲಿ ಸೌಟು, ಬಾಣಲೆಯಲ್ಲಿ ಒಗ್ಗರಣೆ. ಸಾಸಿವೆ ಸಿಡಿದು, ಮೆಣಸಿನಕಾಯಿ ಕಪ್ಪಾಗಿದ್ದು ಅವಳಿಗೆ ಗೊತ್ತೇ ಆಗುವುದಿಲ್ಲ.

ಹಾಲ್‌ನಿಂದ ಕೂಗು ಬರುತ್ತದೆ: "ಅಮ್ಮಾ, ಸೀದ ವಾಸನೆ! ಪಾಠ ನಿಲ್ಲಿಸ್ಲಾ?"