ಕಂಪ್ಯೂಟರ್ ಅಂದರೆ ಮನುಷ್ಯರೇ ಆಗಿದ್ದರು

ಶಕುಂತಲಾ ದೇವಿಯವರನ್ನು ‘ಮಾನವ ಕಂಪ್ಯೂಟರ್’ ಅಂತ ಹೊಗಳುವುದನ್ನು ಕೇಳಿದಾಗೆಲ್ಲ ನನಗೆ ಕಸಿವಿಸಿ ಆಗುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಈ ಹೆಣ್ಣುಮಗಳು 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದವರು. ಹೊಗಳುವುದು ಬೇಡ ಅಂತಲ್ಲ. ಆದರೆ ಆ ಹೆಸರೇ ತಿರುವುಮುರುವು. ಕಂಪ್ಯೂಟರ್ ಅಂದರೆ ಇಂಗ್ಲಿಷಿನಲ್ಲಿ ಮೊದಲಿಗೆ ಮನುಷ್ಯರೇ. ಹಾಡುವವರು, ನೇಯುವವರು ಅನ್ನುವ ಹಾಗೆ ಲೆಕ್ಕ ಹಾಕುವವರು, ಅಷ್ಟೇ. 1613ರಲ್ಲೇ ಈ ಪದ ಆ ಅರ್ಥದಲ್ಲಿ ಅಚ್ಚಾಗಿತ್ತು. ಆಮೇಲೆ ಮುನ್ನೂರು ವರ್ಷ ಅದಕ್ಕೆ ‘ಮಾನವ’ ಅಂತ ಸೇರಿಸುವ ಅಗತ್ಯವೇ ಬೀಳಲಿಲ್ಲ.

ನಮ್ಮ ದೇಶದಲ್ಲೂ ಅದೊಂದು ಹುದ್ದೆ. 1831ರಲ್ಲಿ ರಾಧಾನಾಥ ಸಿಕ್ದರ್ ಎಂಬ ಬಂಗಾಳಿ ತರುಣ ಸರ್ವೆ ಇಲಾಖೆಗೆ ಕಂಪ್ಯೂಟರ್ ಆಗಿ ಸೇರಿದರು. ಸಂಬಳ ತಿಂಗಳಿಗೆ 30 ರೂಪಾಯಿ. ಮುಂದೆ ಕಲ್ಕತ್ತೆಯಲ್ಲಿ ಚೀಫ್ ಕಂಪ್ಯೂಟರ್ ಆದರು. ಆ ಕೆಲಸವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹಿಮಾಲಯದ ಒಂದು ಶಿಖರ. ಕಾಗದದ ಮೇಲೆ ಅದರ ಹೆಸರು ಬರೀ ‘ಪೀಕ್ 15’. ನೂರು ಮೈಲಿಗೂ ಜಾಸ್ತಿ ದೂರದಲ್ಲಿ ನಿಂತು, ಆರು ಕಡೆಯಿಂದ ಅದರ ಕೋನ ಅಳೆದು ತಂದಿದ್ದಾರೆ. ಬೆಳಕು ಗಾಳಿಯಲ್ಲಿ ಬಾಗುತ್ತದೆ, ಅದನ್ನು ಸರಿಪಡಿಸಬೇಕು. ಭೂಮಿ ದುಂಡಗಿದೆ, ಅದನ್ನೂ ಲೆಕ್ಕಕ್ಕೆ ತರಬೇಕು. ಇದ್ದದ್ದು ಲಾಗರಿದಮ್ ಕೋಷ್ಟಕ, ಕಾಗದ, ಶಾಯಿ. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. ಇವತ್ತಿನ ಅಳತೆಗೂ ಅದಕ್ಕೂ ಇರುವ ವ್ಯತ್ಯಾಸ ಸುಮಾರು 30 ಅಡಿ! ಶಿಖರಕ್ಕೆ ಹೆಸರು ಮಾತ್ರ 1843ರಲ್ಲೇ ಸರ್ವೆ ಇಲಾಖೆಯ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾಗಿ ಊರಿಗೆ ಹೋಗಿದ್ದ ಜಾರ್ಜ್ ಎವರೆಸ್ಟ್ ಅವರದ್ದು. ಇದು ನನಗೆ ಈಗಲೂ ಸಂಕಟದ ವಿಷಯ.

ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಲೆಕ್ಕ ಇಡುತ್ತಿದ್ದ ಹೆಂಗಸರೂ ಕಂಪ್ಯೂಟರುಗಳೇ. ನಕ್ಷತ್ರಗಳ ದೂರ ಅಳೆಯಲು ದಾರಿ ಮಾಡಿಕೊಟ್ಟ ಹೆನ್ರಿಯೆಟಾ ಲೆವಿಟ್ ಅವರಲ್ಲೊಬ್ಬರು. 1946ರಲ್ಲಿ ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರ ಲೋಕದ ಮುಂದೆ ಬಂದಾಗ ಅದಕ್ಕೆ ಪ್ರೋಗ್ರಾಮ್ ಬರೆದ ಆರು ಹೆಂಗಸರು ಅಲ್ಲಿಯವರೆಗೆ ಅದೇ ಹುದ್ದೆಯಲ್ಲಿದ್ದವರು. ತಮ್ಮ ಕೆಲಸದ ಹೆಸರನ್ನು ಹೊತ್ತ ಯಂತ್ರಕ್ಕೆ ತಾವೇ ಕೆಲಸ ಕಲಿಸಿದರು. ಆಮೇಲೆ ಹೆಸರು ಯಂತ್ರದ್ದಾಯಿತು.

ಕನ್ನಡದಲ್ಲಿ ನೋಡಿ, ಗಣಕ ಅಂದರೆ ಲೆಕ್ಕಿಗ, ಜೋಯಿಸ. ಯಂತ್ರ ಬಂದಾಗ ನಾವು ಗಣಕಯಂತ್ರ ಅಂದೆವು. ಮನುಷ್ಯನ ಹೆಸರನ್ನು ಮನುಷ್ಯನಿಗೇ ಉಳಿಸಿ ಯಂತ್ರವನ್ನು ಬೇರೆ ಇಟ್ಟ ಪದ ಅದು. ಈಗ ಉದ್ದ ಆಯ್ತು ಅಂತ ಬಾಲ ಕತ್ತರಿಸಿ ಬರೀ ‘ಗಣಕ’ ಅಂತ ಬರೆಯುತ್ತೇವೆ. ನಾನಂತೂ ಬರೆಯುವುದಿಲ್ಲ. ಗಣಕ ಅಂದಾಗ ನನಗೆ ನೆನಪಾಗುವುದು ನಮ್ಮ ತಾತ. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ರಾತ್ರಿ ಖಾತೆ ಪುಸ್ತಕ ತೆರೆದು, ಒಂದು ಸಾಲು ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಕೂಡುತ್ತಿದ್ದರು. ಮೊತ್ತ ಬರೆಯುತ್ತಿರಲಿಲ್ಲ. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಬೆರಳು ಓಡಿಸಿ, ಎರಡೂ ತಾಳೆಯಾದ ಮೇಲೇ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.