ರೇಸ್ ಕಾರಿಗೆ ಮಾಮೂಲಿ 12ರ ಬದಲು 16 ವೋಲ್ಟಿನ ಬ್ಯಾಟರಿ ಬೇಕೇ?

ಪರ: ಓಟದ ಕೊನೆಯ ಸೆಕೆಂಡಿಗೆ ಬೇಕು

ನೇರ ದಾರಿಯಲ್ಲಿ ಕೆಲವೇ ಸೆಕೆಂಡು ನಡೆಯುವ ಡ್ರ್ಯಾಗ್ ರೇಸಿನ ಎಷ್ಟೋ ಕಾರುಗಳಲ್ಲಿ, ಎಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಇರುವುದೇ ಇಲ್ಲ. ತೂಕವೂ ಉಳಿಯಲಿ, ಎಂಜಿನ್ ಮೇಲಿನ ಹೊರೆಯೂ ತಪ್ಪಲಿ ಎಂದು ಅದನ್ನು ಬಿಚ್ಚಿಟ್ಟಿರುತ್ತಾರೆ. ಪೆಟ್ರೋಲ್ ಪಂಪು, ಕಿಡಿ ಹುಟ್ಟಿಸುವ ಕಾಯಿಲ್, ಫ್ಯಾನ್ ಎಲ್ಲವೂ ಬ್ಯಾಟರಿಯೊಂದರಿಂದಲೇ ನಡೆಯಬೇಕು. ಆರು ಸೆಲ್ಲಿನ ಲೆಡ್-ಆಸಿಡ್ ಬ್ಯಾಟರಿ ತುಂಬಿದ್ದಾಗ 12.6 ವೋಲ್ಟ್ ತೋರಿಸಿದರೂ ಹೊರೆ ಬಿದ್ದೊಡನೆ 12ರ ಕೆಳಗಿಳಿಯುತ್ತದೆ. ಎಂಜಿನ್ ಅತಿ ಹೆಚ್ಚು ಪೆಟ್ರೋಲ್ ಕೇಳುವ ಹೊತ್ತಿಗೇ ಪಂಪಿನ ವೇಗ ತಗ್ಗುತ್ತದೆ, ಮಿಶ್ರಣ ಲೀನ್ ಆಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಪಿಸ್ಟನ್ ಸುಡುತ್ತದೆ.

ಎಂಟು ಸೆಲ್ಲಿನ ಬ್ಯಾಟರಿ ಶುರುವಾಗುವುದೇ 16.8ರಿಂದ. ಸರಿಯಾದ ಗಾತ್ರದ್ದನ್ನು ಹಾಕಿದರೆ ಹೊರೆ ಹೊತ್ತಾಗಲೂ 14-15ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಲ್ಟರ್ನೇಟರ್ ಕೊಡುವಷ್ಟೇ ವೋಲ್ಟೇಜ್, ಆಲ್ಟರ್ನೇಟರ್ ಇಲ್ಲದೆ! ನಾವು ಕೇಳುತ್ತಿರುವುದು ಇಷ್ಟನ್ನೇ.

ಕಿಡಿಯ ಲೆಕ್ಕವನ್ನೂ ನೋಡಿ. ಒಂದೇ ಕಾಯಿಲ್, ಅದರ ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಎಂಟು ಸಿಲಿಂಡರಿನ ಎಂಜಿನ್ 8000 ಆರ್‌ಪಿಎಂನಲ್ಲಿ ಸುಮಾರು 1.9 ಮಿಲಿಸೆಕೆಂಡಿಗೊಂದು ಕಿಡಿ ಬೇಡುತ್ತದೆ. ಅಷ್ಟರೊಳಗೆ ಕಾಯಿಲ್ ತುಂಬಬೇಕು. ಕಾಯಿಲ್‌ನಲ್ಲಿ ಕರೆಂಟ್ ಏರುವ ವೇಗ ವೋಲ್ಟೇಜಿಗೆ ತಕ್ಕಂತೆ. ಟರ್ಬೊ ಒತ್ತಡದಲ್ಲಿ ಕಿಡಿ ಆರಿಹೋಗುವ ಎಂಜಿನ್ನಿಗೆ ಇದು ನಿಜವಾದ ಆಸರೆ. ಹೆಚ್ಚು ಕಂಪ್ರೆಷನ್ನಿನ ಎಂಜಿನ್ ಬಿಸಿಯಲ್ಲಿ ಸ್ಟಾರ್ಟ್ ಆಗದೆ ಮುನಿಸಿಕೊಳ್ಳುವುದೂ ಕಡಿಮೆಯಾಗುತ್ತದೆ.

ಮಾಡುವುದಾದರೆ ಪೂರ್ತಿ ಮಾಡಿ. ಸೆಲ್ಲಿಗೆ 2.4ರಂತೆ ಸುಮಾರು 19.2 ವೋಲ್ಟ್ ಕೊಡುವ 16 ವೋಲ್ಟಿನದೇ ಚಾರ್ಜರ್ ಇರಲಿ. 14.4 ಕೊಡುವ ಮಾಮೂಲಿ ಚಾರ್ಜರ್ ಈ ಬ್ಯಾಟರಿಯನ್ನು ಎಂದೂ ತುಂಬಿಸದು, ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತದೆ. ಮೀಟರ್, ಡೇಟಾ ಲಾಗರ್‌ಗಳಿಗೆ ಪ್ರತ್ಯೇಕವಾಗಿ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಾಕಿ. ಕಾಯಿಲ್ ಎಷ್ಟು ಹೊತ್ತು ತುಂಬಬೇಕೆಂದು ಹೇಳುವ ಡ್ವೆಲ್ ಟೇಬಲನ್ನು ಹೊಸ ವೋಲ್ಟೇಜಿಗೆ ತಿದ್ದದೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ವಿರೋಧ: ಮೊದಲು ವೈರ್ ನೋಡಿ

ಆಲ್ಟರ್ನೇಟರ್ ಇಲ್ಲದ ಕಾರಿನ ಮಾತು ಒಪ್ಪಿದೆ. ಆದರೆ 16 ವೋಲ್ಟ್ ಕೇಳುವವರಲ್ಲಿ ಬಹಳ ಮಂದಿಯ ಕಾರಿನಲ್ಲಿ ಒಳ್ಳೆಯ ಆಲ್ಟರ್ನೇಟರ್ ಇದೆ. ಬ್ಯಾಟರಿಯ ಬಳಿ 14.2 ಇದ್ದದ್ದು ಪಂಪಿನ ಬಳಿ 12ಕ್ಕೆ ಇಳಿದಿರುತ್ತದೆ. ಕಳೆದುಹೋದದ್ದು ವೈರಿನಲ್ಲಿ.

1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 12 ಮಿಲಿಓಮ್ ರೆಸಿಸ್ಟೆನ್ಸ್. ಐದು ಮೀಟರ್ ದೂರ, 20 ಆಂಪಿಯರ್ ಹೊರೆ ಎಂದರೆ 1.2 ವೋಲ್ಟ್ ಹೋಯಿತು, ಅದೂ ಪ್ಲಸ್ ಬದಿಯೊಂದರಲ್ಲೇ. ಅದೇ ಜಾಗದಲ್ಲಿ 6 ಚದರ ಮಿಲಿಮೀಟರಿನ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇಟ್ಟು, ರಿಲೇ ಮೂಲಕ ಕೊಟ್ಟರೆ ನಷ್ಟ 0.3ಕ್ಕೆ ಇಳಿಯುತ್ತದೆ. ಬಾಡಿಗೆ ಸೇರುವ ಅರ್ತ್ ವೈರೂ ಅಷ್ಟೇ ದಪ್ಪವಿರಲಿ. ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆಯಿರಿ. ಎಂಜಿನ್ ಓಡುವಾಗ, ಎಲ್ಲ ಹೊರೆ ಹಾಕಿ, ಬ್ಯಾಟರಿಯ ಪ್ಲಸ್‌ನಿಂದ ಪಂಪಿನ ಪ್ಲಸ್‌ವರೆಗೆ, ಮೈನಸ್‌ನಿಂದ ಮೈನಸ್‌ವರೆಗೆ ಮಲ್ಟಿಮೀಟರ್ ಹಿಡಿಯಿರಿ. ಎರಡೂ ಸೇರಿ ಅರ್ಧ ವೋಲ್ಟ್ ದಾಟಿದರೆ ದೋಷ ಬ್ಯಾಟರಿಯದಲ್ಲ.

ವೋಲ್ಟೇಜ್ ಏರಿಸಿದಾಗ ಕೆಡುವ ಸಾಮಾನುಗಳೇನು ಕಡಿಮೆಯೇ? 85 ಓಮಿನ ರಿಲೇ ಕಾಯಿಲ್ 14 ವೋಲ್ಟಿಗೆ 2.3 ವಾಟ್ ಬಿಸಿ ಉಗುಳಿದರೆ, 16 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವ 19ಕ್ಕೆ 4.2 ವಾಟ್. ಒಳಗೇ ಇಗ್ನೈಟರ್ (ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಇರುವ ಕಾಯಿಲ್‌ಗಳು ಹಳೆಯ ಡ್ವೆಲ್‌ನಲ್ಲೇ ಓಡಿದರೆ ಅತಿಯಾಗಿ ತುಂಬಿ ಸುಟ್ಟುಹೋಗುತ್ತವೆ. ಇಂಧನ ಚಿಮ್ಮಿಸುವ ಇಂಜೆಕ್ಟರ್ ತೆರೆಯಲು ಹಿಡಿಯುವ ಹೊತ್ತಿನ, ಅಂದರೆ ಡೆಡ್ ಟೈಮ್‌ನ ಟೇಬಲ್ 16 ವೋಲ್ಟಿಗೇ ಮುಗಿದಿದ್ದರೆ, ಅದರಾಚೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೊನೆಯ ಅಂಕಿಯನ್ನೇ ಹಿಡಿದು ಕೂರುತ್ತದೆ. ಇಂಜೆಕ್ಟರ್ ಇನ್ನೂ ಬೇಗ ತೆರೆಯುವುದರಿಂದ ಐಡಲ್‌ನಲ್ಲಿ (ಎಂಜಿನ್ ಸುಮ್ಮನೆ ಓಡುವಾಗ) ಮಿಶ್ರಣ ರಿಚ್ ಆಗುತ್ತದೆ, ಪೆಟ್ರೋಲ್ ಹೆಚ್ಚಾಗುತ್ತದೆ. ವೇಗವಾದ ಪಂಪಿನ ಇಂಧನವೆಲ್ಲ ಟ್ಯಾಂಕಿಗೆ ಮರಳುವ ಸಣ್ಣ ರಿಟರ್ನ್ ಪೈಪಿನಲ್ಲಿ ಸಾಗದೆ, ಇಂಧನದ ಒತ್ತಡ ಕಾಯುವ ರೆಗ್ಯುಲೇಟರ್ ಹಿಡಿತ ತಪ್ಪಿ ಒತ್ತಡವೂ ಏರುತ್ತದೆ. ಟ್ಯೂನರ್ ದಿನವಿಡೀ ಮ್ಯಾಪ್ (ಇಸಿಯುವಿನ ಅಂಕಿಪಟ್ಟಿ) ತಿದ್ದುತ್ತಾ ಕೂತರೂ ಆ ಪೈಪಿನ ದೋಷ ಮ್ಯಾಪಿನಲ್ಲಿ ಸಿಗುವುದಿಲ್ಲ.

16ರ ಜೊತೆ 12 ವೋಲ್ಟನ್ನೂ ಕೊಡುವ ಮೂರು ಟರ್ಮಿನಲ್ಲಿನ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವುದು ಇನ್ನೊಂದು ಬಲೆ. ಕೆಳಗಿನ ಆರು ಸೆಲ್ ಬೇಗ ಬರಿದಾಗುತ್ತವೆ. ಒಟ್ಟಿಗೆ ಚಾರ್ಜ್ ಮಾಡಿದಾಗ ಮೇಲಿನ ಎರಡು ಅತಿಯಾಗಿ ತುಂಬಿ ಒಣಗುತ್ತವೆ. ದಾರಿಯಲ್ಲಿ ನಿಂತರೆ ಮಾಮೂಲಿ ಕಾರಿನಿಂದ ಜಂಪರ್ ಕೇಬಲ್ ಹಾಕಿಸಿಕೊಳ್ಳುವಂತೆಯೂ ಇಲ್ಲ.

ಪಂಪೊಂದೇ ಸೊರಗುತ್ತಿದ್ದರೆ, ಬೂಸ್ಟ್ (ಟರ್ಬೊ ಒತ್ತಡ) ಬಂದಾಗ ಮಾತ್ರ ಅದಕ್ಕಷ್ಟೇ ವೋಲ್ಟೇಜ್ ಏರಿಸುವ ಮಾಡ್ಯೂಲ್ ಸಾಕು. 12 ವೋಲ್ಟಿನ ಬದಿಯಲ್ಲಿ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಆ ದಪ್ಪ ವೈರ್ ಅಲ್ಲಿಗೂ ಬೇಕು.